ಹೆರ್ ಶೇಯ್ ದಾಹಿಲ್: ತುರ್ಕಿಯ ಕಡಲಂಚಿನಲ್ಲಿ ಯಾರು ಒಳಗೆ, ಯಾರು ಹೊರಗೆ?

ನಮ್ಮ ದೊಡ್ಡ ಆಪಾಗೆ ಈಗ ಐವತ್ತೊಂಬತ್ತು. ಶಿವಮೊಗ್ಗದಲ್ಲಿ ಹುಟ್ಟಿ, ಶಿವಮೊಗ್ಗದಲ್ಲೇ ಮದುವೆಯಾಗಿ, ನಾಲ್ಕು ಮಕ್ಕಳನ್ನು ಓದಿಸಿ ಒಂದು ದಡ ಸೇರಿಸಿದವರು. ಕಡಲನ್ನು ಅವರು ಕಂಡದ್ದು ಒಂದೇ ಸಲ, ಮಲ್ಪೆಯಲ್ಲಿ. ಗಂಡಸರು, ಮಕ್ಕಳು ನೀರಿಗಿಳಿದರು. ಆಪಾ ಎಲ್ಲರ ಚಪ್ಪಲಿ, ಚೀಲಗಳನ್ನು ಕಾಯುತ್ತಾ ಮರಳಿನ ಮೇಲೆ ಕೂತರು. ಬುರ್ಖಾದ ಅಂಚು ಒದ್ದೆಯಾಗುವಷ್ಟು ನೀರು ಮಾತ್ರ ಅವರಿಗೆ ದಕ್ಕಿತು. ದುಬೈಯಲ್ಲಿ ಕೆಲಸಕ್ಕಿರುವ ಅವರ ಮಗ ಕಳೆದ ರಂಜಾನಿನಲ್ಲಿ ಫೋನ್ ಮಾಡಿ, "ಮಾಮೂ, ಅಮ್ಮೀನ ಒಂದು ಸಲ ತುರ್ಕಿಯ ಕಡಲಿಗೆ ಕರೆದುಕೊಂಡು ಹೋಗೋಣ. ನೀವೂ ಬರಬೇಕು. ಪ್ಲಾನ್ ಮಾತ್ರ ನೀವೇ ಮಾಡಿ" ಎಂದ. ನಾವು ಆಗ ಆಪಾ ಮನೆಯಲ್ಲೇ ಇದ್ದೆವು. "ತುರ್ಕಿ ಅಂದರೆ ಅರ್ಧ ಉರ್ದೂನೇ ತಾನೆ? ನಿನಗೇನು ಕಷ್ಟ?" ಎಂದು ಆಪಾ ಸೇರಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಕೇಳಿಸಬಾರದು ಎಂಬಂತೆ, "ನೀರು ನನ್ನನ್ನು ಎತ್ತುತ್ತಾ ಅಂತ ಒಂದು ಸಲ ನೋಡಬೇಕು" ಎಂದರು.

ಹೀಗೆ ಈ ಕೆಲಸ ನಮ್ಮ ಕೊರಳಿಗೆ ಬಿತ್ತು. ಬೆಂಗಳೂರಿನ ಒಂದು ಪ್ರವಾಸ ಏಜೆನ್ಸಿಯಿಂದ ಬಣ್ಣದ ಕರಪತ್ರ ತರಿಸಿಕೊಂಡೆವು. ಕಥೆ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಕೈಗೆ ಸಿಕ್ಕ ಯಾವ ಕಾಗದವನ್ನೂ ಕಥೆಯ ಹಾಗೆಯೇ ಓದುತ್ತಾರೆ. ಇದರಲ್ಲಿ ಪಾತ್ರಗಳು ಯಾರು, ಮಾತಾಡುವವರು ಯಾರು, ಬಾಯಿ ಮುಚ್ಚಿಕೊಂಡಿರುವವರು ಯಾರು ಎಂದು ಹುಡುಕುತ್ತಾರೆ. ಕರಪತ್ರದಲ್ಲಿ ನೀಲಿ ನೀರಿತ್ತು, ಬಿಳಿ ಛತ್ರಿಗಳಿದ್ದವು, ಸಾಲಾಗಿ ಮಲಗುವ ಕುರ್ಚಿಗಳಿದ್ದವು. ಒಬ್ಬ ತುರ್ಕನೂ ಇರಲಿಲ್ಲ. ಒಂದು ಹೋಟೆಲಿನ ಚಿತ್ರದ ಕೆಳಗೆ ತುರ್ಕಿ ಭಾಷೆಯ ಮೂರು ಪದಗಳು ಉಳಿದುಕೊಂಡಿದ್ದವು: ಹೆರ್ ಶೇಯ್ ದಾಹಿಲ್. ಉರ್ದು ಬಲ್ಲವರಿಗೆ ಇದಕ್ಕೆ ನಿಘಂಟು ಬೇಡ. ಹರ್ ಶೈ ದಾಖಿಲ್. ಪ್ರತಿಯೊಂದು ವಸ್ತುವೂ ಒಳಗೆ ಸೇರಿದೆ. ಊಟ, ತಿಂಡಿ, ಪಾನೀಯ, ಈಜುಕೊಳ, ಕಡಲು ಎಲ್ಲವೂ ಒಂದೇ ಬೆಲೆಯೊಳಗೆ ಎಂದು ಅರ್ಥ. ಆಪಾ ಹೇಳಿದ್ದು ನಿಜವಾಯಿತು, ನಮಗೆ ಓದಲು ಬಂತು. ಆದರೆ ಓದಿದ ಮೇಲೆ ಒಂದು ಪ್ರಶ್ನೆ ಬೆನ್ನು ಬಿಡಲಿಲ್ಲ. ಎಲ್ಲವೂ ಒಳಗಿದ್ದರೆ ಹೊರಗೆ ಉಳಿದದ್ದೇನು?

ಈ ಪ್ರಶ್ನೆ ಹಿಡಿದುಕೊಂಡು ಆ ಕಡಲಂಚಿನ ಸಾಹಿತ್ಯವನ್ನು, ನಮಗೆ ಎಟುಕಿದಷ್ಟನ್ನು, ಓದುತ್ತಾ ಹೋದೆವು. ಆ ಓದಿನ ಲೆಕ್ಕವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಅದಕ್ಕೂ ಮೊದಲು ನಮ್ಮ ಮನೆಯಂಗಳದ ಎರಡು ತುರ್ಕಿಗಳ ಬಗ್ಗೆ ಒಂದು ಮಾತು. ಒಂದು, ಟೀವಿಯ ತುರ್ಕಿ. 'ಎರ್ತುರುಲ್' ಧಾರಾವಾಹಿ 2020ರಲ್ಲಿ ಉರ್ದುವಿನಲ್ಲಿ ಬಂದ ಮೇಲೆ ನಮ್ಮ ಅನೇಕ ಮನೆಗಳಲ್ಲಿ ತುರ್ಕಿ ಎಂದರೆ ಕುದುರೆ, ಕತ್ತಿ ಮತ್ತು ಗೆಲುವು. ಹುಟ್ಟಿದ ಮಕ್ಕಳಿಗೆ ಆ ಪಾತ್ರಗಳ ಹೆಸರಿಟ್ಟವರನ್ನು ನಾವು ಬಲ್ಲೆವು. ಇನ್ನೊಂದು, ಬಹಿಷ್ಕಾರದ ತುರ್ಕಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದದ್ದು, ಮೇ ತಿಂಗಳ ಸೇನಾ ಸಂಘರ್ಷದಲ್ಲಿ ತುರ್ಕಿ ಸರಕಾರ ಪಾಕಿಸ್ತಾನದ ಪರ ನಿಂತದ್ದು, ಅದರ ಬೆನ್ನಿಗೆ ನಮ್ಮ ದೇಶದ ಅನೇಕ ಪ್ರವಾಸ ಸಂಸ್ಥೆಗಳು ತುರ್ಕಿಯ ಬುಕಿಂಗ್ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಹಣ ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ನಾಗರಿಕರದ್ದು. ಆದರೆ ತುರ್ಕಿಗೆ ಹೋಗಬೇಕೆ ಎಂಬ ಪ್ರಶ್ನೆ ಬೇರೆಯವರಿಗೆ ಖರ್ಚಿನ ಪ್ರಶ್ನೆಯಾದರೆ, ನಮ್ಮಂಥವರಿಗೆ ನಿಷ್ಠೆಯ ಪರೀಕ್ಷೆಯಾಗಿ ಬರುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಹಿಂದೆ ಅಂತಾಲ್ಯಕ್ಕೆ ಹೋಗಿ ಬಂದು ಫೋಟೋ ತೋರಿಸಿದಾಗ ಎಲ್ಲರೂ ಹೋಟೆಲಿನ ಬಾಡಿಗೆ ಕೇಳಿದರು. ನಾವು ಕಡಲಿನ ಮಾತೆತ್ತಿದಾಗ, "ಅಲ್ಲಿಗೇ ಯಾಕೆ?" ಎಂದು ಕೇಳಿದರು. ಕುದುರೆಯ ತುರ್ಕಿಯಲ್ಲೂ ಬಹಿಷ್ಕಾರದ ತುರ್ಕಿಯಲ್ಲೂ ಕರಪತ್ರದ ತುರ್ಕಿಯಲ್ಲೂ ಒಂದು ಸಮಾನ ಅಂಶವಿದೆ. ಮೂರರಲ್ಲೂ ಬಲೆ ಒಣಗಿಸುವ ಬೆಸ್ತನಿಗೆ ಜಾಗವಿಲ್ಲ.

ಆ ಬೆಸ್ತನನ್ನು ಹುಡುಕುತ್ತಾ ಹೋದವರಿಗೆ ಮೊದಲು ಎದುರಾಗುವವನು ಜೆವಾತ್ ಶಾಕಿರ್ ಕಬಾಆಚ್ಲಿ. ನಮ್ಮ ಉಚ್ಚಾರಣೆಯಲ್ಲಿ ಜವಾದ್ ಶಾಕಿರ್. ಪಾಶಾ ಮನೆತನದವನು, ಆಕ್ಸ್‌ಫರ್ಡಿನಲ್ಲಿ ಓದಿದವನು. ಅವನ ತಂಗಿ ಫಖ್ರುನ್ನಿಸಾ ಝೈದ್ ಮುಂದೆ ದೊಡ್ಡ ಚಿತ್ರಕಲಾವಿದೆಯಾದಳು. 1914ರಲ್ಲಿ ತಂದೆ ಗುಂಡೇಟಿನಿಂದ ಸತ್ತ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಕೆಲವು ವರ್ಷ ಜೈಲಿನಲ್ಲಿದ್ದು, ಕ್ಷಯರೋಗದ ಕಾರಣಕ್ಕೆ ಬಿಡುಗಡೆಯಾದ. ಮುಂದೆ ಇಸ್ತಾಂಬುಲಿನ ಪತ್ರಿಕೆಗಳಿಗೆ ಬರೆಯುತ್ತಾ, ಚಿತ್ರ ಬಿಡಿಸುತ್ತಾ ಹೊಟ್ಟೆ ಹೊರೆದ. 1925ರಲ್ಲಿ ಒಂದು ಕಥೆ ಬರೆದ. ಸೈನ್ಯದಿಂದ ತಪ್ಪಿಸಿಕೊಂಡವರು ವಿಚಾರಣೆಯಿಲ್ಲದೆ ಗಲ್ಲಿಗೇರುವುದರ ಕಥೆ ಅದು. ಹೊಸ ಗಣರಾಜ್ಯಕ್ಕೆ ಆಗ ಎರಡು ವರ್ಷ, ಪೂರ್ವದಲ್ಲಿ ದಂಗೆ. ಅಂಕಾರಾದ ಇಸ್ತಿಕ್ಲಾಲ್ ನ್ಯಾಯಮಂಡಳಿ ಆ ಕಥೆಯನ್ನು ಸೈನ್ಯದ ವಿರುದ್ಧದ ಪ್ರಚೋದನೆ ಎಂದು ಓದಿತು. ಬರೆದವನಿಗೆ ಮೂರು ವರ್ಷ ಗಡೀಪಾರು, ಬೋದ್ರುಮಿಗೆ. ಪ್ರಕಟಿಸಿದ ಸಂಪಾದಕ ಝೆಕೆರಿಯಾ ಸೆರ್ತೆಲ್‌ಗೂ ಮೂರು ವರ್ಷ, ಕಪ್ಪು ಸಮುದ್ರದ ಸಿನೋಪಿಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದು ಜಗತ್ತಿನ ಶ್ರೀಮಂತರು ವಿಹಾರನೌಕೆ ಕಟ್ಟುವ ಬೋದ್ರುಮ್ ಆಗ ಶಿಕ್ಷೆಯ ಜಾಗ. ಸರಿಯಾದ ರಸ್ತೆಯಿಲ್ಲದ, ಮೀನು ಹಿಡಿಯುವವರ, ಸ್ಪಂಜು ತೆಗೆಯುವವರ ಬಡ ಊರು. ಕೋಟೆಯೊಳಗೆ ಕೂಡಿಹಾಕುತ್ತಾರೆಂದು ಹೆದರಿ ಬಂದವನಿಗೆ ಅಲ್ಲಿನ ಅಧಿಕಾರಿಗಳು ಊರಿನಲ್ಲೇ ಮನೆ ಮಾಡಿಕೊಂಡಿರಲು ಬಿಟ್ಟರು. ಅವನು ಕಡಲ ಹತ್ತಿರ ಮನೆ ಹಿಡಿದ. ಶಿಕ್ಷೆಯ ಕೊನೆಯ ಭಾಗವನ್ನು ಇಸ್ತಾಂಬುಲಿನಲ್ಲಿ ಕಳೆಯಬೇಕಾಯಿತು. ಅದು ಮುಗಿದದ್ದೇ ತಾನಾಗಿ ಬೋದ್ರುಮಿಗೆ ವಾಪಸು ಬಂದು ಕಾಲು ಶತಮಾನದ ಹತ್ತಿರ ಅಲ್ಲೇ ಉಳಿದ. ದೋಣಿ ನಡೆಸಿದ, ಮೀನು ಹಿಡಿದ, ದೂರದೂರುಗಳಿಂದ ಬೀಜ ತರಿಸಿ ಗಿಡ ನೆಟ್ಟ. ಊರಿನ ಪುರಾತನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು 'ಹಾಲಿಕಾರ್ನಾಸ್ಸಿನ ಬೆಸ್ತ' ಎಂದು ಬರೆಯತೊಡಗಿದ. 1961ರಲ್ಲಿ ಬಂದ ಅವನ ಆತ್ಮಕಥನದ ಹೆಸರು 'ನೀಲಿ ಗಡೀಪಾರು'.

ಅವನ ಕಾದಂಬರಿ 'ಅಗಾಂತಾ ಬುರಿನಾ ಬುರಿನಾತಾ' 1940ರ ದಶಕದ ಮಧ್ಯದಲ್ಲಿ ಬಂತು. ಹೆಸರೇ ಹಡಗಿನವರ ಕೂಗು. ಹಾಯಿಯ ಹಗ್ಗ ಹಿಡಿಯಿರಿ ಎಂಬ ಆಜ್ಞೆ. ಇಟಲಿಯ ಕಡೆಯಿಂದ ಬಂದು, ಮೆಡಿಟರೇನಿಯನ್ನಿನ ಎಲ್ಲ ದಡಗಳ ನಾವಿಕರ ಬಾಯಲ್ಲಿ ಸವೆದ ಮಾತು. ತುರ್ಕಿ ಭಾಷೆಯನ್ನು ಶುದ್ಧ ಮಾಡುವ, ಅರಬ್ಬಿ ಪಾರಸಿ ಪದಗಳನ್ನು ಹೊರಹಾಕುವ ಸರಕಾರಿ ಚಳವಳಿ ಜೋರಾಗಿದ್ದ ಕಾಲದಲ್ಲಿ ಒಬ್ಬ ಲೇಖಕ ತನ್ನ ಪುಸ್ತಕದ ಮುಖಪುಟದ ಮೇಲೆ ಯಾರ ಮನೆಯದ್ದೂ ಅಲ್ಲದ, ಎಲ್ಲರ ಕಡಲಿನದ್ದೂ ಆದ ಮಾತನ್ನು ಬರೆದನಲ್ಲ, ಅದು ಸಣ್ಣ ಸಂಗತಿಯೇನಲ್ಲ. ಕಡಲಿಗೆ ಹೋಗಬೇಡ ಎಂಬ ಮನೆಯವರ ಮಾತನ್ನು ಮೀರಿ ಕಡಲಿಗಿಳಿಯುವ ಹುಡುಗ ಮಹಮೂದನ ಕಥೆಯಲ್ಲಿ ನೀರು ಬರೀ ನೀಲಿಯಾಗಿಲ್ಲ. ಅಲ್ಲಿ ಹಸಿವಿದೆ, ಮುಳುಗುವ ಹಡಗಿದೆ, ಮರಳಿ ಬಾರದವರಿದ್ದಾರೆ. ಇವನ ಕಡಲ ಕಥೆಗಳ ಲೋಕದಲ್ಲಿ ಸ್ಪಂಜಿಗಾಗಿ ಆಳಕ್ಕಿಳಿದು, ಬೇಗ ಮೇಲೆ ಬಂದದ್ದಕ್ಕೆ ನರ ಸತ್ತು, ಉಳಿದ ಬದುಕನ್ನೆಲ್ಲ ಕುಂಟುತ್ತಾ ಕಳೆಯುವ ಮುಳುಗುಗಾರರಿದ್ದಾರೆ. ಕರಪತ್ರದವರು ಇವನಿಂದ ನೀಲಿಯನ್ನು ಮಾತ್ರ ತೆಗೆದುಕೊಂಡರು, ಗಡೀಪಾರನ್ನು ಬಿಟ್ಟರು.

ತೆಗೆದುಕೊಂಡರು ಎಂಬುದು ಉತ್ಪ್ರೇಕ್ಷೆಯಲ್ಲ. ಇಂದು ಬೋದ್ರುಮಿನಿಂದ ಫೆತಿಯೆಯವರೆಗೆ ಮರದ ಗುಲೆತ್ ದೋಣಿಗಳಲ್ಲಿ ಮಾರಾಟವಾಗುವ 'ನೀಲಿ ಯಾನ' ಎಂಬ ಪ್ರವಾಸಕ್ಕೆ ಮೂಲ ಇವನು ಮತ್ತು ಇವನ ಗೆಳೆಯರು. 1940ರ ದಶಕದಲ್ಲಿ ಸಬಾಹತ್ತಿನ್ ಏಯುಬೋಲು, ಆಮೇಲೆ ಅಝ್ರಾ ಏರ್ಹತ್ ಮುಂತಾದವರನ್ನು ಈತ ಸ್ಪಂಜಿನವರ ದೋಣಿಗಳಲ್ಲಿ ಕೂರಿಸಿಕೊಂಡು ಗೋಕೋವಾ ಕೊಲ್ಲಿಯಲ್ಲಿ ತಿರುಗಿಸಿದ. ರೊಟ್ಟಿ, ಚೀಸು, ತಂಬಾಕು, ಮದ್ಯ ಇಷ್ಟೇ ಸಾಮಾನು. ಪತ್ರಿಕೆ, ರೇಡಿಯೋ ಬೇಡ. ದೋಣಿಯ ಹಲಗೆಯ ಮೇಲೆ ನಿದ್ದೆ, ಹಗಲೆಲ್ಲ ಮಾತು. ಏರ್ಹತ್ 1962ರಲ್ಲಿ ಅದೇ ಹೆಸರಿನ ಪುಸ್ತಕ ಬರೆದಳು. ಹೋಮರನ ಇಲಿಯಡ್ಡನ್ನು ಕವಿ ಎ. ಕದಿರ್ ಜೊತೆ ತುರ್ಕಿ ಭಾಷೆಗೆ ತಂದವಳೂ ಅವಳೇ. ಕಡಲ ರಜೆ ಎಂಬುದು ಅವರ ಪಾಲಿಗೆ ಒಂದು ವಿಚಾರವಾಗಿತ್ತು. ಅನತೋಲಿಯದ ಮಣ್ಣಿನಲ್ಲಿ ಬದುಕಿದವರೆಲ್ಲರೂ ನಮ್ಮ ಪೂರ್ವಜರೇ, ಹೋಮರ್ ನಮ್ಮವನೇ, ಹೆರೊಡೋಟಸ್ ನಮ್ಮವನೇ ಎಂಬ ವಿಚಾರ. ರಕ್ತವನ್ನು ನೆಚ್ಚಿದ ರಾಷ್ಟ್ರವಾದಕ್ಕೆ ಅವರು ಮಣ್ಣನ್ನು ನೆಚ್ಚಿ ಉತ್ತರ ಕೊಟ್ಟರು. ಈ ಔದಾರ್ಯವನ್ನು ನಾವು ಗೌರವಿಸುತ್ತೇವೆ.

ಆದರೆ ಗೌರವಿಸುತ್ತಲೇ ಒಂದು ಆಕ್ಷೇಪವನ್ನೂ ಎತ್ತಬೇಕಾಗುತ್ತದೆ. ತುರ್ಕಿಯ ವಿಮರ್ಶಕರೇ ಈ ಪಂಥದ ಮೇಲೆ ಎತ್ತಿರುವ ಆಕ್ಷೇಪ ಅದು. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕರನ್ನು ಇಷ್ಟು ಪ್ರೀತಿಯಿಂದ ಮನೆಗೆ ಕರೆದವರು, ಎರಡು ವರ್ಷದ ಹಿಂದೆ ಮನೆ ಬಿಟ್ಟುಹೋದ ಗ್ರೀಕರ ಬಗ್ಗೆ ಯಾಕೆ ಇಷ್ಟು ಕಡಿಮೆ ಮಾತಾಡಿದರು? ಜೆವಾತ್ ಶಾಕಿರ್ ಬೋದ್ರುಮಿಗೆ ಶಿಕ್ಷೆ ಹೊತ್ತು ಬಂದದ್ದು 1925ರಲ್ಲಿ. ಆ ಕಡಲಂಚಿನ ಊರುಗಳು ಅರ್ಧ ಬರಿದಾದದ್ದು ಅದಕ್ಕೂ ಸ್ವಲ್ಪ ಮೊದಲು.

1923ರ ಜನವರಿ 30ರಂದು ಲೊಸಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅನತೋಲಿಯದ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ಗ್ರೀಸಿಗೆ, ಗ್ರೀಸಿನ ಮುಸ್ಲಿಮರೆಲ್ಲ ತುರ್ಕಿಗೆ. ಇಸ್ತಾಂಬುಲಿನ ಕ್ರೈಸ್ತರಿಗೂ ಪಶ್ಚಿಮ ಥ್ರೇಸಿನ ಮುಸ್ಲಿಮರಿಗೂ ಮಾತ್ರ ವಿನಾಯಿತಿ. ಹಿಂದಿನ ವರ್ಷದ ಯುದ್ಧದಲ್ಲಿ ಓಡಿಹೋದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಆ ಕಡೆ ಹೋದರು. ಮೂರೂವರೆಯಿಂದ ನಾಲ್ಕು ಲಕ್ಷ ಮುಸ್ಲಿಮರು ಈ ಕಡೆ ಬಂದರು. ಹೋಗಬೇಕೆ, ಇರಬೇಕೆ ಎಂದು ಯಾರನ್ನೂ ಕೇಳಲಿಲ್ಲ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದೂ ಕೇಳಲಿಲ್ಲ. ಗ್ರೀಕ್ ಮಾತ್ರ ಬಲ್ಲ ಕ್ರೀಟ್ ದ್ವೀಪದ ಮುಸ್ಲಿಮರು ಗ್ರೀಕ್ ಬಾರದ ದೇಶಕ್ಕೆ ಬಂದಿಳಿದರು. ತುರ್ಕಿ ಮಾತ್ರ ಬಲ್ಲ, ಅದನ್ನೇ ಗ್ರೀಕ್ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಕರಾಮಾನಿನ ಕ್ರೈಸ್ತರು ತುರ್ಕಿ ಬಾರದ ದೇಶಕ್ಕೆ ಹೋಗಿಳಿದರು. ಹೊಸ ದೇಶದಲ್ಲಿ ಇವರು 'ಗ್ರೀಕರ ಬೀಜ', ಅವರು 'ತುರ್ಕರ ಬೀಜ' ಎನಿಸಿಕೊಂಡರು.

ಇದನ್ನು ಓದುವಾಗ ನಮಗೆ ಸುಮ್ಮನೆ ಕೂರಲಾಗಲಿಲ್ಲ. ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ ಕಂಡವರು ನಾವು. ನಮ್ಮ ಕಥೆಗಳೆಲ್ಲ ಕನ್ನಡದವು. ಆದರೂ ಇಂದಿಗೂ ಸಭೆಗಳಲ್ಲಿ, "ನೀವು ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದು ಪ್ರೀತಿಯಿಂದ ಬೆನ್ನು ತಟ್ಟುವವರು ಸಿಗುತ್ತಾರೆ. ಬ್ಯಾರಿ, ನವಾಯತಿ, ದಖನಿ, ಮಲಯಾಳ, ಕನ್ನಡ ಎಂದು ಹತ್ತು ಬಾಯಿಯಲ್ಲಿ ಮಾತಾಡುವ ನಮ್ಮವರನ್ನು ಒಂದೇ ಪದದೊಳಗೆ ತುಂಬುವ ಆತುರ ಹೊರಗಿನವರಿಗೂ ಇದೆ, ನಮ್ಮೊಳಗಿನ ಕೆಲವರಿಗೂ ಇದೆ. ಧರ್ಮವೊಂದನ್ನೇ ಹಿಡಿದು ಮನುಷ್ಯನ ವಿಳಾಸ ಬರೆದರೆ ಏನಾಗುತ್ತದೆ ಎಂಬುದಕ್ಕೆ ಆ ಕಡಲಂಚು ಸಾಕ್ಷಿ. ಫೆತಿಯೆಯ ಬಳಿಯ ಕಾಯಾಕೊಯ್ ಎಂಬ ಊರಿನಲ್ಲಿ ಗುಡ್ಡದ ತುಂಬ ಛಾವಣಿಯಿಲ್ಲದ ನೂರಾರು ಕಲ್ಲಿನ ಮನೆಗಳು ಈಗಲೂ ನಿಂತಿವೆ. ನಮ್ಮ ಕರಪತ್ರದಲ್ಲಿ ಅದರ ಚಿತ್ರವೂ ಇತ್ತು. ಅಡಿಬರಹ, 'ಫೋಟೋಗೆ ಸುಂದರ ಸ್ಥಳ'.

ಆದ್ದರಿಂದ ಹಾಲಿಕಾರ್ನಾಸ್ಸಿನ ಬೆಸ್ತನನ್ನು ಒಬ್ಬನನ್ನೇ ಓದಿದರೆ ಸಾಲದು. ಅವನ ಪಕ್ಕದಲ್ಲಿ ಇನ್ನೊಬ್ಬ ಕಥೆಗಾರ, ಸಯಿತ್ ಫಾಯಿಕ್ ಅಬಾಸಿಯಾನಿಕ್‌ನನ್ನು ಇಟ್ಟುಕೊಳ್ಳಬೇಕು. 1906ರಲ್ಲಿ ಹುಟ್ಟಿ 1954ರಲ್ಲಿ ತೀರಿಹೋದವನು. ಇಸ್ತಾಂಬುಲಿನ ಹತ್ತಿರದ ಬುರ್ಗಾಝ್ ದ್ವೀಪದಲ್ಲಿ ತಾಯಿಯೊಂದಿಗೆ ಇದ್ದು, ಅಲ್ಲಿನ ಮೀನುಗಾರರ ಜೊತೆ ದಿನ ಕಳೆದು ಕಥೆ ಬರೆದವನು. ಅವನ ಕಥೆಗಳಲ್ಲಿ ಗ್ರೀಕರು ಪುರಾಣದಿಂದ ಇಳಿದು ಬಂದವರಲ್ಲ. ಅವರು ಪಕ್ಕದ ಮನೆಯವರು, ದೋಣಿಯ ಜೊತೆಗಾರರು, ಸಾಲಗಾರರು, ಕೆಲವೊಮ್ಮೆ ಕೆಟ್ಟವರೂ ಹೌದು. 1952ರ 'ಕೊನೆಯ ಹಕ್ಕಿಗಳು' ಕಥೆಯಲ್ಲಿ ದ್ವೀಪಕ್ಕೆ ಬರುವ ಪುಟ್ಟ ಹಕ್ಕಿಗಳನ್ನು ಬಲೆಗೆ ಹಾಕುವವನು ಕೊನ್ಸ್ತಾಂತಿನ್. ದ್ವೀಪದ ಹುಲ್ಲನ್ನು ಬೇರುಸಮೇತ ಕಿತ್ತು ಒಯ್ಯುವವರು ಉಳ್ಳವರ ತೋಟಕ್ಕಾಗಿ ದುಡಿಯುವ ಕೂಲಿಗಳು. ಯಾವ ಧರ್ಮದವನು ಎಂದು ನೋಡಿ ಸಯಿತ್ ಫಾಯಿಕ್ ಕರುಣೆ ಹಂಚುವುದಿಲ್ಲ, ದೋಷವನ್ನೂ ಹೊರಿಸುವುದಿಲ್ಲ. ಇದು ನಮಗೆ ಬಹಳ ದೊಡ್ಡ ಗುಣವಾಗಿ ಕಾಣುತ್ತದೆ. ಅಲ್ಪಸಂಖ್ಯಾತ ಪಾತ್ರವನ್ನು ಕೆಡುಕನನ್ನಾಗಿ ಮಾಡುವುದು ಸುಲಭ, ಸಂತನನ್ನಾಗಿ ಮಾಡುವುದು ಇನ್ನೂ ಸುಲಭ. ಅವನನ್ನು ನೆರೆಯವನನ್ನಾಗಿ ಬರೆಯುವುದೇ ಕಷ್ಟ. ನಮ್ಮ ಕನ್ನಡದ ಕಥೆಗಳಲ್ಲಿ ಎಷ್ಟು ಮುಸ್ಲಿಮ್ ಪಾತ್ರಗಳು ಹೀಗೆ ಬರೀ ನೆರೆಯವರಾಗಿ ಬಂದುಹೋಗಿವೆ ಎಂದು ಓದುಗರು ಎಣಿಸಿ ನೋಡಬಹುದು.

ಹಾಗೆಂದು ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ಒಬ್ಬನನ್ನು ಕೆಳಗಿಳಿಸುವುದು ನ್ಯಾಯವಲ್ಲ. ಸಯಿತ್ ಫಾಯಿಕ್‌ಗೆ ಗ್ರೀಕ್ ನೆರೆಯವರು ಸಿಕ್ಕಿದ್ದು ಅವನ ದ್ವೀಪ ಇಸ್ತಾಂಬುಲಿಗೆ ಸೇರಿದ್ದರಿಂದ, ಲೊಸಾನ್ ಒಪ್ಪಂದ ಅಲ್ಲಿನವರಿಗೆ ವಿನಾಯಿತಿ ಕೊಟ್ಟಿದ್ದರಿಂದ. ಜೆವಾತ್ ಶಾಕಿರನ ಕಡಲಿನಲ್ಲಿ ಅವರು ಆಗಲೇ ಇರಲಿಲ್ಲ. ಇದ್ದವರನ್ನು ಕಂಡವನಿಗೂ ಇಲ್ಲದವರ ಜಾಗಕ್ಕೆ ಬಂದವನಿಗೂ ವ್ಯತ್ಯಾಸವಿರುತ್ತದೆ. ಇಸ್ತಾಂಬುಲಿನ ವಿನಾಯಿತಿಯೂ ಹೆಚ್ಚು ಕಾಲ ಕಾಪಾಡಲಿಲ್ಲ. ಸಯಿತ್ ಫಾಯಿಕ್ ತೀರಿದ ಮರುವರ್ಷವೇ, 1955ರ ಸೆಪ್ಟೆಂಬರ್ 6 ಮತ್ತು 7ರಂದು, ಗುಂಪುಗಳು ಗ್ರೀಕರ ಅಂಗಡಿ, ಮನೆ, ಚರ್ಚುಗಳನ್ನು ಹಾಳುಗೆಡವಿದವು. ಅವನ ಪಾತ್ರಗಳು ಒಂದೊಂದಾಗಿ ಊರು ಬಿಟ್ಟವು.

ಖಾಲಿಯಾದ ಮನೆಗಳ ಕಥೆಯನ್ನು ಹೇಳಲು ಕಡಲಿನಾಚೆಗೆ ದಿದೊ ಸೊತಿರಿಯು ಇದ್ದಳು. 1909ರಲ್ಲಿ ಅನತೋಲಿಯದ ಅಯ್ದಿನ್‌ನಲ್ಲಿ ಹುಟ್ಟಿ, ನಿರಾಶ್ರಿತಳಾಗಿ ಗ್ರೀಸ್ ಸೇರಿದವಳು. 1962ರ ಅವಳ ಕಾದಂಬರಿ ಇಂಗ್ಲಿಷಿನಲ್ಲಿ 'ಫೇರ್‌ವೆಲ್ ಅನತೋಲಿಯಾ' ಎಂದು ಬಂದಿದೆ. ಅದರ ನಾಯಕನ ಊರು ಈಗ ಪ್ರವಾಸಿಗಳು ಮುಗಿಬೀಳುವ ಶಿರಿಂಜೆ. ಈಚೆಗೆ ಯಶಾರ್ ಕೆಮಾಲ್ ಇದ್ದ. 1990ರ ದಶಕದ ಕೊನೆಯಲ್ಲಿ ಆರಂಭಿಸಿ 2012ರಲ್ಲಿ ಮುಗಿಸಿದ ಅವನ ನಾಲ್ಕು ಸಂಪುಟಗಳ 'ಒಂದು ದ್ವೀಪದ ಕಥೆ' ಈ ವಿನಿಮಯದ ಕಥೆಯೇ. ಗ್ರೀಕರೆಲ್ಲ ಹೋದ ದ್ವೀಪದಲ್ಲಿ ವಾಸಿಲಿ ಎಂಬುವನು ಅಡಗಿ ಉಳಿಯುತ್ತಾನೆ. ಇಲ್ಲಿ ಮೊದಲು ಕಾಲಿಟ್ಟವನನ್ನು ಕೊಲ್ಲುತ್ತೇನೆ ಎಂದು ಶಪಥ ಮಾಡುತ್ತಾನೆ. ಕಾಲಿಡುವವನು ಪೊಯ್ರಾಝ್ ಮೂಸಾ, ಅವನೂ ಯುದ್ಧಗಳಿಂದ ಜರ್ಝರಿತನಾಗಿ ಬಂದವನು. ಕೊಲ್ಲಲು ಹೊರಟವನು ಕೊಲ್ಲಲಾರದೆ ಹೋಗುವುದರ ಮೇಲೆ ಆ ದೊಡ್ಡ ಕೃತಿ ನಿಂತಿದೆ. ಯಶಾರ್ ಕೆಮಾಲ್ ಕೆಲವೊಮ್ಮೆ ಅತಿಯಾಗಿ ಹಾಡುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. ಆದರೆ ಬರಿದಾದ ಮನೆಯ ಹೊಸ್ತಿಲ ಮೇಲೆ ನಿಂತ ಹೊಸಬನ ಅಳುಕನ್ನು ಅವನಷ್ಟು ಹತ್ತಿರದಿಂದ ತೋರಿಸಿದವರನ್ನು ನಾವು ಕಂಡಿಲ್ಲ. ರಜೆಗೆಂದು ಹೋಗುವವನಿಗೂ ಆ ಅಳುಕು ಸ್ವಲ್ಪ ಇರಬೇಕು ಎಂದು ನಮ್ಮ ಭಾವನೆ.

ಈಗ ದಂಡೆಯ ಪ್ರಶ್ನೆಗೆ ಬರೋಣ. ಕಡಲ ದಂಡೆ ಯಾರದ್ದು? ತುರ್ಕಿಯ ಸಂವಿಧಾನದ 43ನೇ ವಿಧಿ ದಂಡೆಗಳು ಪ್ರಭುತ್ವದ ಅಧೀನ ಎನ್ನುತ್ತದೆ, ಅವುಗಳ ಬಳಕೆಯಲ್ಲಿ ಸಾರ್ವಜನಿಕ ಹಿತಕ್ಕೇ ಮೊದಲ ಸ್ಥಾನ ಎನ್ನುತ್ತದೆ. 1990ರ ಕರಾವಳಿ ಕಾಯ್ದೆ ದಂಡೆಯನ್ನು ಎಲ್ಲರಿಗೂ ಸಮಾನವಾಗಿ, ಮುಕ್ತವಾಗಿ ಇಟ್ಟಿದೆ. ಕಾಗದದ ಮೇಲೆ ಇದು ಚೆಂದದ ಮಾತು. ಆದರೆ 1982ರ ಪ್ರವಾಸೋದ್ಯಮ ಉತ್ತೇಜನ ಕಾಯ್ದೆ ಸರಕಾರಿ ಜಮೀನನ್ನು ದೀರ್ಘ ಅವಧಿಗೆ ಹೋಟೆಲುಗಳಿಗೆ ಕೊಡುವ ಬಾಗಿಲು ತೆರೆಯಿತು. ಅಂತಾಲ್ಯದ ಸುತ್ತ ಸಾಲು ಸಾಲು ಹೋಟೆಲುಗಳು ಎದ್ದವು. ಎಲ್ಲವೂ ಒಳಗೊಂಡ ಹೋಟೆಲಿನ ಅರ್ಥಶಾಸ್ತ್ರ ಸರಳ. ಅತಿಥಿ ಗೇಟಿನಿಂದ ಹೊರಗೆ ಬರುವ ಅಗತ್ಯವೇ ಬೀಳಬಾರದು. ಆಗ ಊರಿನ ಚಹಾದಂಗಡಿಗೂ, ಮೀನಿನ ಹೋಟೆಲಿಗೂ, ಬಸ್ಸಿನವನಿಗೂ ಬಿಡಿಗಾಸು ಸಿಗುವುದಿಲ್ಲ. ದಂಡೆ ಕಾನೂನಿನಲ್ಲಿ ಎಲ್ಲರದ್ದು, ಕುರ್ಚಿ ಛತ್ರಿಗಳು ಬಾಡಿಗೆಯವು, ಕುರ್ಚಿ ಹಾಕದ ಜಾಗ ಮಾತ್ರ ಸಿಗುವುದಿಲ್ಲ. 2023ರಲ್ಲಿ ಗ್ರೀಸಿನ ಪಾರೊಸ್ ದ್ವೀಪದ ಜನ ಟವೆಲು ಹಿಡಿದು ದಂಡೆ ವಾಪಸು ಕೇಳಿದಾಗ ಅದರ ಪ್ರತಿಧ್ವನಿ ತುರ್ಕಿಯ ಕಡಲಂಚಿನಲ್ಲೂ ಕೇಳಿಸಿತು. ನೂರು ವರ್ಷದ ಹಿಂದೆ ಪರಸ್ಪರ ಹೊರಹಾಕಲ್ಪಟ್ಟವರ ಮೊಮ್ಮಕ್ಕಳು ಒಂದೇ ಟವೆಲಿನ ಭಾಷೆ ಮಾತಾಡಿದರು.

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಹಲವು ದಿನ ತಡೆದೆವು. ಬರೆಯದಿದ್ದರೆ ನಾವೂ ಕರಪತ್ರ ಬರೆದಂತೆಯೇ ಆಗುತ್ತದೆ. 2015ರ ಸೆಪ್ಟೆಂಬರ್ 2ರ ಬೆಳಿಗ್ಗೆ ಬೋದ್ರುಮ್ ಬಳಿಯ ದಂಡೆಯಲ್ಲಿ ಕೆಂಪು ಅಂಗಿ ತೊಟ್ಟ ಮಗುವೊಂದು ಬೋರಲಾಗಿ ಬಿದ್ದಿತ್ತು. ಸಿರಿಯಾದ ಕೊಬಾನಿ ಕಡೆಯ ಕುಟುಂಬದ ಅಲಾನ್ ಕುರ್ದಿ. ಜೊತೆಗೆ ಅವನ ಅಣ್ಣ, ತಾಯಿಯೂ ಅದೇ ನೀರಿನಲ್ಲಿ ತೀರಿಹೋದರು. ಅವರು ಹೋಗುತ್ತಿದ್ದ ಗ್ರೀಸಿನ ಕೊಸ್ ದ್ವೀಪ ಆ ದಂಡೆಯಿಂದ ಬರಿಗಣ್ಣಿಗೆ ಕಾಣುತ್ತದೆ, ಕೆಲವೇ ಕಿಲೋಮೀಟರ್. ಪಾಸ್‌ಪೋರ್ಟ್ ಸರಿಯಿದ್ದವರು ಬೇಸಿಗೆಯಲ್ಲಿ ಫೆರಿ ಹತ್ತಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ನಮ್ಮಂಥ ಪ್ರವಾಸಿಗೂ ಕಾಗದವೇ ಕಡಲು. ಅಮೆರಿಕ, ಬ್ರಿಟನ್, ಷೆಂಗೆನ್ ವೀಸಾ ಈಗಾಗಲೇ ಇರುವ ಭಾರತೀಯನಿಗೆ ತುರ್ಕಿಯ ಇ-ವೀಸಾದ ಹತ್ತಿರದ ದಾರಿ ಇದೆ, ಇಲ್ಲದವನು ಅರ್ಜಿ ಹಾಕಿ ಕಾಯಬೇಕು. ಆದರೆ ಕಾಯುವುದು ಬೇರೆ, ಮುಳುಗುವುದು ಬೇರೆ. ಒಂದು ಹಂತದಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕಿ ಸಿರಿಯನ್ನರಿಗೆ ಆಸರೆ ಕೊಟ್ಟ ದೇಶ ತುರ್ಕಿ, ಇದನ್ನು ಮರೆಯಬಾರದು. ಅದೇ ದೇಶದಲ್ಲಿ ಅವರ ಅಂಗಡಿಗಳ ಮೇಲೆ ಕಲ್ಲು ಬಿದ್ದದ್ದನ್ನೂ ಮರೆಯಬಾರದು. ಕುದುರೆಯ ಧಾರಾವಾಹಿ ನೋಡಿ ಹೆಮ್ಮೆಪಡುವ ನಮ್ಮ ಹುಡುಗರಿಗೆ ಈ ಎರಡನ್ನೂ ಒಟ್ಟಿಗೆ ಹೇಳುವವರು ಬೇಕು.

ಹಾಗಾದರೆ ಹೋಗುವುದೇ ಬೇಡವೆ? ಇಲ್ಲಿಯವರೆಗೆ ಓದಿದ ಗೆಳೆಯರೊಬ್ಬರು ಹಾಗೆಯೇ ಕೇಳಿದರು. "ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಯಾರಿಗೆ ಈಜಲಾಗುತ್ತದೆ ಸಾಹೇಬರೆ?" ನಮಗೆ ಉತ್ತರ ಹೊಳೆದದ್ದು ಪುಸ್ತಕಗಳಿಂದಲ್ಲ, ಆಪಾರಿಂದ. ನಮ್ಮ ವಿಮರ್ಶೆಯ ಬುದ್ಧಿ ಅಂತಾಲ್ಯ, ಅಲಾನ್ಯಾ ಕಡೆಯ 'ಹಲಾಲ್ ಹೋಟೆಲು'ಗಳನ್ನು ಕಂಡು ಮೊದಲು ನಕ್ಕಿತು. ಮದ್ಯವಿಲ್ಲ, ಹೆಂಗಸರಿಗೆ ಬೇರೆಯೇ ಈಜುಕೊಳ, ಗೋಡೆ ಕಟ್ಟಿದ ಬೇರೆಯೇ ದಂಡೆ. ಧರ್ಮವನ್ನೂ ಮಾರುಕಟ್ಟೆ ಒಂದು ಪ್ಯಾಕೇಜು ಮಾಡಿತು ಎಂದು ಒಂದು ವಾಕ್ಯವನ್ನೂ ಬರೆದೆವು. ಆ ವಾಕ್ಯ ಸುಳ್ಳೇನಲ್ಲ. ಆದರೆ ಅದನ್ನು ಆಪಾಗೆ ಓದಿ ಹೇಳಿದಾಗ ಅವರು ಒಂದೇ ಮಾತು ಕೇಳಿದರು: "ಮಲ್ಪೆಯಲ್ಲಿ ಗೋಡೆ ಇರಲಿಲ್ಲ. ನಾನು ನೀರಿಗಿಳಿದೆನಾ?" ನಾವು ಆ ವಾಕ್ಯವನ್ನು ಹೊಡೆದುಹಾಕಲಿಲ್ಲ, ಪಕ್ಕದಲ್ಲಿ ಆಪಾರ ಪ್ರಶ್ನೆಯನ್ನು ಬರೆದಿಟ್ಟೆವು. ಗೋಡೆಯಿಲ್ಲದ ದಂಡೆ ಎಲ್ಲರದ್ದೂ ಆಗಿರುವುದಿಲ್ಲ. ಗೋಡೆಯೊಳಗಿನ ದಂಡೆಯೂ ಅದರ ಬೆಲೆ ತೆರಬಲ್ಲವರದ್ದು ಮಾತ್ರ. ಇವೆರಡರ ನಡುವೆ ಒಬ್ಬ ಹೆಂಗಸು ತನಗೆ ಬೇಕಾದ ಬಟ್ಟೆಯಲ್ಲಿ, ಯಾರ ಕಣ್ಣಿಗೂ ವಿಷಯವಾಗದೆ, ನೀರಿಗಿಳಿಯುವ ಜಾಗವನ್ನು ನಾವು ಗಂಡಸರು ಯಾವ ದೇಶದಲ್ಲೂ ಸರಿಯಾಗಿ ಮಾಡಿಕೊಟ್ಟಿಲ್ಲ.

ಕೊನೆಗೆ ನಾವು ಮಾಡಿದ ಪ್ಲಾನ್ ಇಷ್ಟು. ಜುಲೈ, ಆಗಸ್ಟ್ ಬೇಡ. ಆಗ ಬಿಸಿಲು ಹೆಚ್ಚು, ಗದ್ದಲ ಹೆಚ್ಚು, ಏಜಿಯನ್ನಿನ ಮೇಲೆ ಮೆಲ್ತೆಮ್ ಗಾಳಿ ಬೀಸಿ ಅಲೆ ಏಳುತ್ತದೆ. 2021ರ ಜುಲೈ ಕೊನೆಯಲ್ಲಿ ಕಾಡು ಹೊತ್ತಿ ಬೋದ್ರುಮ್, ಮಾರ್ಮಾರಿಸ್ ಕಡೆಯ ಜನರನ್ನು ದೋಣಿಗಳಲ್ಲಿ ಸಾಗಿಸಿದ್ದೂ ಅದೇ ಕಾಲದಲ್ಲಿ. ಸೆಪ್ಟೆಂಬರ್ ನಡುವಿನಿಂದ ಗಾಳಿ ಇಳಿಯುತ್ತದೆ, ನೀರಿನಲ್ಲಿ ಬೇಸಿಗೆಯ ಬಿಸುಪು ಉಳಿದಿರುತ್ತದೆ. ದೊಡ್ಡ ಹೋಟೆಲಿನ ಬದಲು ಆಯ್ವಾಲಿಕ್ ಕಡೆಯ ಯಾವುದಾದರೂ ಮನೆಯಂಥ ಪನ್ಸಿಯೋನ್. ಲೆಸ್ಬೋಸ್‌ನಿಂದಲೂ ಕ್ರೀಟ್‌ನಿಂದಲೂ ಬಂದ ಮುಸ್ಲಿಮರು ಗ್ರೀಕರು ಬಿಟ್ಟುಹೋದ ಮನೆಗಳಲ್ಲಿ ನೆಲೆಸಿದ ಊರು ಅದು. ಎದುರಿನ ಜುಂದಾ ದ್ವೀಪದಲ್ಲಿ ಕ್ರೀಟಿನ ಅಜ್ಜಿಯರು ತಂದ ಸೊಪ್ಪಿನ ಅಡುಗೆ ಆಲಿವ್ ಎಣ್ಣೆಯಲ್ಲಿ ಇಂದಿಗೂ ಬೇಯುತ್ತದೆ. ಅಲ್ಲಿಂದ ಬಸ್ಸಿನಲ್ಲಿ ದಕ್ಷಿಣಕ್ಕೆ, ಬೋದ್ರುಮಿನಲ್ಲಿ ಎರಡು ದಿನ. ಬೆಸ್ತನ ಸಮಾಧಿ ಅಲ್ಲಿದೆ. 1973ರಲ್ಲಿ ಇಜ್ಮಿರಿನಲ್ಲಿ ತೀರಿದವನನ್ನು ಬೋದ್ರುಮಿಗೇ ತಂದು ಮಣ್ಣು ಮಾಡಿದರು. ಅಲಾನ್ ಸಿಕ್ಕಿದ ದಂಡೆಯ ಕಡೆಗೂ ಒಂದು ಸಂಜೆ. ಫೋಟೋ ಬೇಡ, ಫಾತಿಹಾ ಸಾಕು. ಆಪಾರ ಈಜಿಗೆ ಬೆಳಗಿನ ಆರು ಗಂಟೆ, ದಂಡೆ ಖಾಲಿ ಇರುವ ಹೊತ್ತು. ಚಪ್ಪಲಿ, ಚೀಲ ಕಾಯುವ ಕೆಲಸ ನಮ್ಮದು.

ಟಿಕೆಟನ್ನು ಇನ್ನೂ ತೆಗೆದಿಲ್ಲ. ಎರಡು ಸರಕಾರಗಳ ನಡುವಿನ ಮುನಿಸು ಇಳಿಯಲಿ ಎಂದು ಕಾಯುತ್ತಿದ್ದೇವೆ ಎನ್ನುವುದು ಅರ್ಧ ಸತ್ಯ. ಹಣ ಇನ್ನೂ ಕೂಡಿಲ್ಲ ಎನ್ನುವುದು ಉಳಿದರ್ಧ. ಈ ನಡುವೆ ಆಪಾ ನಮ್ಮ ತುರ್ಕಿ ಪದಪುಸ್ತಕವನ್ನು ಕಸಿದುಕೊಂಡು ಓದುತ್ತಿದ್ದಾರೆ. ಮೊನ್ನೆ ಒಂದು ಪದದ ಮೇಲೆ ಬೆರಳಿಟ್ಟು, "ಇಲ್ಲಿ ತಪ್ಪು ಅಚ್ಚಾಗಿದೆ" ಎಂದರು. ಪದ 'ಮಿಸಾಫಿರ್', ಅರ್ಥ 'ಅತಿಥಿ' ಎಂದಿತ್ತು. "ಮುಸಾಫಿರ್ ಅಂದರೆ ಪ್ರಯಾಣಿಕ ಅಲ್ಲವಾ? ಅತಿಥಿ ಅಂದರೆ ಮೆಹಮಾನ್." ತಪ್ಪಿಲ್ಲ, ಅರಬ್ಬಿಯ ಒಂದೇ ಪದ ನಮ್ಮಲ್ಲಿಗೆ ಬಂದು ಪ್ರಯಾಣಿಕನಾಗಿ ಉಳಿಯಿತು, ಅವರಲ್ಲಿಗೆ ಹೋಗಿ ಅತಿಥಿಯಾಯಿತು ಎಂದು ವಿವರಿಸಿದೆವು. ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರದ್ದೇ ಸರಿ" ಎಂದರು.